ಎರಡನೆಯ ಭಾಗ

ಕದರಮಂಡಲಗಿ ಮೇಲೆ ಬರುವ ಬಸ್ಸು ರಾಣೆಬೆನ್ನೂರಿನ ನಿಲ್ದಾಣದೊಳಗೆ ತಿರುಗುತ್ತಿದ್ದಂತೆ ಸುಧಾರಾಣಿ ಅದರ ಜೊತೆಗೇ ಓಡತೊಡಗಿದಳು. ಕತ್ತೆತ್ತಿ ಒಂದೊಂದೇ ಕಿಟಕಿ ನೋಡಿದಳು. ಬಾಗಿಲ ಹತ್ತಿರ ನಿಂತು ಇಳಿಯುವವರ ಮುಖ ನೋಡಿದಳು. ಹನುಮಪ್ಪನ ದರ್ಶನ ಮುಗಿಸಿ ಬಂದವರು ಇಳಿದರು, ಮೆಣಸಿನಕಾಯಿ ಮಾರಿ ಬಂದವರು ಖಾಲಿ ಚೀಲ ಮಡಚಿಕೊಂಡು ಇಳಿದರು. ಅಪ್ಪನ ಗೆಳೆಯ ಇಸಾಕಸಾಬ ಇಳಿಯಲಿಲ್ಲ. ಬಿಳಿ ಗಡ್ಡ, ಕೈಯಲ್ಲಿ ಕೋಲು, ಬ್ಯಾಡಗಿ ಕಡೆಯವರು, ದಾರಿಯಲ್ಲಿ ಎಲ್ಲಾದರೂ ಹತ್ತಿದರೇ ಎಂದು ಕಂಡಕ್ಟರನನ್ನು ಕೇಳಿದಳು. ಅಂಥವರು ಹತ್ತಿದ್ದು ತನಗೆ ನೆನಪಿಲ್ಲ, ಹಿಂದೆ ಬರುವ ಬಸ್ಸಿಗೆ ಬರಬಹುದು ಎಂದು ಹೇಳಿ ಅವನು ಚಹಾದ ಅಂಗಡಿಗೆ ನಡೆದ.

ಅವಳ ಅಪ್ಪ ಶಂಭುಲಿಂಗಪ್ಪ ಆ ದಿನ ಬೆಳಕು ಹರಿಯುವ ಹೊತ್ತಿಗೆ ತೀರಿಕೊಂಡಿದ್ದ. ಈಗ ಅವನನ್ನು ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳ ತುಂಬ ಹಾರ. ಭಜನೆಯವರು ತಾಳ ಹಾಕುತ್ತಿದ್ದರು. ಅಂಗಳದಲ್ಲಿ ಅವನನ್ನು ಕೂರಿಸಿ ಹೊತ್ತೊಯ್ಯಲು ಬಾಳೆಕಂಬ ಕಟ್ಟಿ ವಿಮಾನ ಸಿಂಗರಿಸುತ್ತಿದ್ದರು. ಅಂಥ ಹೊತ್ತಿನಲ್ಲಿ ಒಬ್ಬಳೇ ಮಗಳು ಚಪ್ಪಲಿ ಮೆಟ್ಟಿ ಆಟೋ ಹತ್ತಿ ಬಸ್‌ಸ್ಟ್ಯಾಂಡಿಗೆ ಹೋದರೆ ಮಣ್ಣಿಗೆ ಬಂದ ಹೆಂಗಸರು ಸುಮ್ಮನಿರುತ್ತಾರೆಯೇ? ಗುತ್ತಲದಿಂದ ಬಂದಿದ್ದ ದೊಡ್ಡಮ್ಮ ಬಾಗಿಲಲ್ಲೇ ತಡೆದು ಎಲ್ಲಿಗೆ ಎಂದು ಕೇಳಿದ್ದಳು. ಪುಸ್ತಕ ತರಲು ಎಂದು ಹೇಳುವ ಧೈರ್ಯ ಸುಧಾರಾಣಿಗೆ ಬರಲಿಲ್ಲ. ಔಷಧಿ ಅಂಗಡಿಗೆ ಎಂದು ಬಾಯಿಗೆ ಬಂದದ್ದನ್ನು ಹೇಳಿದ್ದಳು. ಸತ್ತವನಿಗೆ ಎಂಥ ಔಷಧಿ ಎಂದು ದೊಡ್ಡಮ್ಮ ಕೇಳುವಷ್ಟರಲ್ಲಿ ಆಟೋ ಹೊರಟಿತ್ತು.

ತಮ್ಮ ಮೈಲೇಶನ ಫೋನು ಬಂತು.

“ಎಲ್ಲಿ ಹೋಗೀದಿ ಅಕ್ಕ? ಅಯ್ಯನಾರು ಲಗೂ ಮಾಡ್ರಿ ಅನ್ನಾಕತ್ತಾರ. ಹೊತ್ತು ಮುಣುಗೂದ್ರಾಗ ಮಣ್ಣಾಗಬೇಕು.”

“ಇಸಾಕಕಾಕಾ ಬರಾಕತ್ತಾನ. ಒಂಚೂರು ತಡೀರಿ.”

“ಬಂದ್ರ ಮನಿಗೇ ಬರತಾನ. ನೀ ಅಲ್ಲಿ ನಿಂತು ಏನ್ ಮಾಡ್ತಿ? ಪುಸ್ತಕದ ಸಲುವಾಗಿ ಹೆಣಾ ಕಾಯಿಸಾಕ ಬರೂದಿಲ್ಲ.”

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬಸ್ಸು ಅವಳು ನಿಂತಿದ್ದಾಳೆಂದು ಬೇಗ ಬರುವುದಿಲ್ಲ. ಆದರೆ ಮನೆಯಲ್ಲಿ ಅಪ್ಪನ ಎದುರು ಕೈ ಕಟ್ಟಿ ಕೂರಲು ಅವಳಿಂದ ಆಗುತ್ತಿರಲಿಲ್ಲ. ಪುಸ್ತಕ ಅವಳ ಕೈಗೆ ಒಂದು ನಿಮಿಷ ಮೊದಲು ಬಂದರೆ ಆ ಒಂದು ನಿಮಿಷವೂ ಅವಳಿಗೆ ಬೇಕಾಗಿತ್ತು.

*

ಶಂಭುಲಿಂಗಪ್ಪನದು ಬೀಜದ ಅಂಗಡಿ. ಮುಂದೆ ಹತ್ತಿ, ಗೋವಿನಜೋಳ, ಬದನೆ, ಟೊಮ್ಯಾಟೊ ಬೀಜದ ಪೊಟ್ಟಣಗಳು. ಹಿಂದಿನ ಕಪಾಟಿನಲ್ಲಿ ಪುಸ್ತಕಗಳು. ಇತಿಹಾಸ ಮತ್ತು ರಾಜಕೀಯ ಬಿಟ್ಟು ಬೇರೇನನ್ನೂ ಅವನು ಮುಟ್ಟುತ್ತಿರಲಿಲ್ಲ. ಕಾದಂಬರಿ ಕೊಟ್ಟರೆ ಆಗದೇ ಇದ್ದದ್ದನ್ನು ಓದಿ ಏನು ಮಾಡುವುದು ಎನ್ನುತ್ತಿದ್ದ. ಕುಪ್ಪೇಲೂರಿನಿಂದ ಹತ್ತಿಬೀಜಕ್ಕೆ ಬಂದವನಿಗೆ, ಯಾವ ಮಂತ್ರಿಮಂಡಲ ಯಾರ ಕೈಚಳಕದಿಂದ ಬಿತ್ತು ಎಂಬುದನ್ನು ಪೂರ್ತಿ ಹೇಳಿದ ಮೇಲೆಯೇ ಪೊಟ್ಟಣ ಕೈಗೆ ಸಿಗುತ್ತಿತ್ತು. ಅವಸರವಿದ್ದವರು ಎದುರಿನ ಅಂಗಡಿಗೆ ಹೋಗುತ್ತಿದ್ದರು. ಇಸಾಕಸಾಬ ಮಾತ್ರ ಪಟ್ಟಾಗಿ ಕೂತು ವಾದಿಸುತ್ತಿದ್ದ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ದಲಾಲಿ ಮಾಡುವವನು, ರಾಣೆಬೆನ್ನೂರಿಗೆ ಬಂದ ಕೆಲಸ ಮರೆತು ಸಂಜೆಯ ಬಸ್ಸಿನವರೆಗೂ ಕೂರುತ್ತಿದ್ದ. ಇಬ್ಬರೂ ಒಂದೇ ಪುಸ್ತಕ ಓದಿ, ಒಬ್ಬರ ಮಾತು ಒಬ್ಬರು ಒಪ್ಪದೆ, ಸಿಟ್ಟಿನಿಂದ ಎದ್ದು, ಮುಂದಿನ ವಾರ ಮತ್ತೆ ಕೂರುತ್ತಿದ್ದರು.

ಇಂಥವನಿಗೆ ಪುಸ್ತಕ ಆರಿಸುವುದು ಹುಡುಗಾಟವಲ್ಲ. ಸುಧಾರಾಣಿಗೆ ಹಾವೇರಿಯ ದನದ ಆಸ್ಪತ್ರೆಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಾಗ ಮೊದಲ ಸಂಬಳದಲ್ಲಿ ಅಪ್ಪನಿಗೊಂದು ಪುಸ್ತಕ ಕೊಂಡಳು. ದಪ್ಪಗಿದೆ ಎಂಬುದೇ ಅವಳು ನೋಡಿದ ಗುಣ. ಅವನು ಅಚ್ಚಾದ ವರ್ಷ ನೋಡಿದ, ಪರಿವಿಡಿಯ ಮೇಲೆ ಬೆರಳಾಡಿಸಿದ, “ಓದೀನಿ” ಎಂದು ಹಿಂದಕ್ಕೆ ಕೊಟ್ಟ. ಮರುತಿಂಗಳೂ ಅದೇ ಮಾತು. ಪೇಟೆಯಲ್ಲಿ ಹೆಸರಾದ ಪುಸ್ತಕ ಯಾವುದನ್ನು ತಂದರೂ ಅದೇ ಮಾತು.

ಉಪಾಯ ಹೇಳಿಕೊಟ್ಟವನು ಇಸಾಕಸಾಬ. ಗೆದ್ದವರ ಬಗ್ಗೆ ಬರೆದದ್ದನ್ನೆಲ್ಲ ನಿಮ್ಮಪ್ಪ ಓದಿರುತ್ತಾನೆ, ಸೋತವರು ತಾವೇ ಅಚ್ಚು ಹಾಕಿಸಿದ್ದನ್ನು ಹುಡುಕು ಎಂದ. ಅಲ್ಲಿಂದ ಅವಳ ಹುಡುಕಾಟದ ದಾರಿಯೇ ಬದಲಾಯಿತು. ಠೇವಣಿ ಕಳೆದುಕೊಂಡ ಉಮೇದುವಾರರ ಆತ್ಮಕತೆ, ನಿವೃತ್ತ ತಹಶೀಲ್ದಾರರ ನೆನಪುಗಳು, ಒಡೆದುಹೋದ ಪಕ್ಷಗಳ ಅಧಿವೇಶನದ ಸಂಚಿಕೆಗಳು ಅವಳ ಚೀಲ ಸೇರಿದವು. ಭಾನುವಾರ ತಂದು ಕೊಟ್ಟರೆ ಸೋಮವಾರವೇ ಫೋನು. “ಇವ ಖರೇ ಹೇಳಾಕತ್ತಿಲ್ಲ ಸುಧಾ” ಎಂದು ಶುರು ಮಾಡಿ ಅರ್ಧ ಗಂಟೆ ಬೈಯುತ್ತಿದ್ದ. ಬೈದನೆಂದರೆ ಪುಸ್ತಕ ಹಿಡಿಸಿದೆ ಎಂದೇ ಲೆಕ್ಕ. ಅವಳು ಕಡತದ ಮೇಲೆ ಪೆನ್ನಿಟ್ಟು ಫೋನು ಕಿವಿಗಾನಿಸಿ ನಗುತ್ತ ಕೇಳುತ್ತಿದ್ದಳು.

ಅಪ್ಪ ಮಗಳ ನಡುವೆ ಇದ್ದ ಮಾತು ಇಷ್ಟೇ. ಅವಳು ಗಂಡನ ಮನೆ ಬಿಟ್ಟು ಬಂದಾಗ ನೆಂಟರೆಲ್ಲ ಕಾರಣ ಕೇಳಿದರು, ಅವನೊಬ್ಬ ಕೇಳಲಿಲ್ಲ. ಮುಂದಿನ ಭಾನುವಾರ ಬಾ, ಬರುವಾಗ ಏನಾದರೂ ಓದಲು ತಾ ಎಂದ. ಅದನ್ನು ಅವಳು ಪ್ರೀತಿ ಎಂದೇ ತಿಳಿದಳು. ಅದು ಪ್ರೀತಿಯೇ ಆಗಿತ್ತು.

*

ಅವ್ವ ಮುತ್ತವ್ವನ ಫೋನು ಬಂದಾಗ ಸುಧಾರಾಣಿ ನಿಲ್ದಾಣದ ಕಂಬಕ್ಕೆ ಒರಗಿದ್ದಳು. ಫೋನಿನಲ್ಲಿ ತಾಳದ ಸದ್ದು ಜೋರಾಗಿತ್ತು. ಅವ್ವ ಬಾಯಿಗೆ ಸೆರಗು ಅಡ್ಡ ಹಿಡಿದು ಮಾತಾಡುತ್ತಿರಬೇಕು, ದನಿ ತಗ್ಗಿತ್ತು. ಹಾವೇರಿಯಿಂದ ದೊಡ್ಡ ಹಾರ ಬರುವುದಿದೆ, ಅದು ಬರುವವರೆಗೆ ಎತ್ತಬೇಡಿ ಎಂದು ತಾನು ಸುಳ್ಳು ಹೇಳಿರುವುದಾಗಿ ತಿಳಿಸಿದಳು. ಕರಬಸಪ್ಪ ನಂಬಿದಂತೆ ಕಾಣಲಿಲ್ಲವಂತೆ. ಕರಬಸಪ್ಪ ಶಂಭುಲಿಂಗಪ್ಪನ ತಮ್ಮ, ಮನೆತನದ ಕಾರ್ಯಗಳಲ್ಲಿ ರೂಢಿ ರಿವಾಜು ತಪ್ಪದಂತೆ ನೋಡುವವನು.

“ಬಾಳ ಹೊತ್ತು ತಡ್ಯಾಕ ಆಗೂದಿಲ್ಲವಾ” ಎಂದಳು ಮುತ್ತವ್ವ. “ಜನಾ ಎದ್ದು ನಿಂತಾರ.”

ಮುತ್ತವ್ವನಿಗೆ ಓದು ಬರೆಹ ಅಷ್ಟಕ್ಕಷ್ಟೇ. ಆದರೆ ಮಗಳು ಯಾವುದಕ್ಕಾಗಿ ಬಸ್ಸು ಕಾಯುತ್ತಿದ್ದಾಳೆ ಎಂಬುದು ಆ ಮನೆಯಲ್ಲಿ ಅವಳೊಬ್ಬಳಿಗೇ ಪೂರ್ತಿ ಗೊತ್ತಿತ್ತು.

*

ಶಂಭುಲಿಂಗಪ್ಪನ ಮರೆವು ಮೊದಲು ಅಂಗಡಿಯಲ್ಲಿ ಕಾಣಿಸಿತು. ಟೊಮ್ಯಾಟೊ ಬೀಜ ಕೇಳಿದವರಿಗೆ ಬದನೆಬೀಜ ಕೊಟ್ಟ. ಬೆಳೆ ಬಂದ ಮೇಲೆ ಜಗಳ ಬಂತು. ಮೈಲೇಶ ಅವನನ್ನು ಮನೆಯಲ್ಲಿ ಕೂರಿಸಿದ. ಆಮೇಲೆ ನೆಂಟರ ಹೆಸರು ಹೋದವು, ಊಟ ಮಾಡಿದ್ದು ಮರೆತುಹೋಯಿತು. ಒಂದು ಭಾನುವಾರ ಸುಧಾರಾಣಿ ಒಳಗೆ ಬಂದಾಗ ಅವನು ಎದ್ದು ನಿಂತು ಪಂಜೆ ಸರಿಮಾಡಿಕೊಂಡ.

“ಬರ್ರಿ ಬಾಯಾರ, ಕುಂದ್ರಿ” ಎಂದ.

ಶಾಲೆಯ ಟೀಚರರನ್ನು, ಆಫೀಸಿನ ಹೆಂಗಸರನ್ನು ಕರೆಯುವ ಮರ್ಯಾದೆಯ ಮಾತು ಅದು. ಅವಳು ಚೇಷ್ಟೆ ಎಂದುಕೊಂಡು ನಕ್ಕಳು. ಅವನು ನಗಲಿಲ್ಲ. ನೀವು ಲೈಬ್ರರಿಯವರು ಮನೆಯವರೆಗೆ ಬಂದು ಪುಸ್ತಕ ಕೊಡುತ್ತೀರಿ, ದೊಡ್ಡ ಉಪಕಾರ ಎಂದು ಕೈ ಮುಗಿದ. ಹುಟ್ಟಿದಾಗಿನಿಂದ ಅವಳಿಗೆ ಲೇ ಎಂದವನು ಅವನು. ಆ ಬಹುವಚನ ಕೇಳಲಾರದೆ ಅವಳು ಅಡುಗೆಮನೆಗೆ ಹೋಗಿ ಅವ್ವನ ಬೆನ್ನಿಗೆ ಮುಖವೊತ್ತಿ ಅತ್ತಳು.

ವಿಚಿತ್ರವೆಂದರೆ ಓದು ಮಾತ್ರ ನಿಲ್ಲಲಿಲ್ಲ. ಬೆಳಿಗ್ಗೆ ಓದಿದ್ದು ಸಂಜೆಗೆ ಇರುತ್ತಿರಲಿಲ್ಲ, ಆದರೂ ಓದುತ್ತಿದ್ದ. ಒಂದು ಕಾಲದಲ್ಲಿ ಯಾವ ಪುಸ್ತಕ ತಂದರೂ ಓದಿದ್ದೇನೆ ಎನ್ನುತ್ತಿದ್ದವನಿಗೆ ಈಗ ಎಲ್ಲವೂ ಹೊಸದಾಗಿತ್ತು. ಅದರಲ್ಲೂ ಒಂದು ಪುಸ್ತಕವನ್ನು ಅವನು ಕೈಬಿಡಲಿಲ್ಲ. ರಾಜ್ಯದ ಸರಕಾರಗಳು ಎದ್ದದ್ದು ಬಿದ್ದದ್ದನ್ನು ಎರಡು ಭಾಗಗಳಲ್ಲಿ ಹೇಳುವ ಹಳೆಯ ಪುಸ್ತಕ. ಸುಧಾರಾಣಿಗೆ ಸಿಕ್ಕಿದ್ದು ಮೊದಲ ಭಾಗವೊಂದೇ. ಅದು ವಿಶ್ವಾಸಮತದ ಹಿಂದಿನ ರಾತ್ರಿಗೆ ನಿಲ್ಲುತ್ತಿತ್ತು. ಅವನು ಕೊನೆಯ ಪುಟ ಮುಗಿಸಿ ತಲೆಯೆತ್ತಿ, “ಮುಂದ?” ಎಂದು ಕೇಳುತ್ತಿದ್ದ. ಆ ಸರಕಾರ ಬಿದ್ದ ದಿನ ಇದೇ ಶಂಭುಲಿಂಗಪ್ಪ ಅಂಗಡಿ ಮುಚ್ಚಿ ರೇಡಿಯೋ ಮುಂದೆ ಕೂತಿದ್ದವನು, ಆ ಕತೆಯನ್ನು ನೂರು ಸಲ ಹೇಳಿದವನು. ಸುಧಾರಾಣಿ ಅವನದೇ ಮಾತುಗಳಲ್ಲಿ ಅದನ್ನು ಅವನಿಗೆ ಹೇಳಿದಳು. ಅವನು ಒಪ್ಪಲಿಲ್ಲ.

“ಬಾಯಿಮಾತು ಬ್ಯಾಡ್ರಿ ಬಾಯಾರ. ಪುಸ್ತಕದಾಗ ಏನೈತಿ ಅದನ್ನ ತರ್ರಿ.”

ಎರಡನೆಯ ಭಾಗ ಎಲ್ಲಿಯೂ ಸಿಗುತ್ತಿಲ್ಲ, ಅಚ್ಚು ಹಾಕಿದವರೇ ಈಗಿಲ್ಲ ಎಂದಳು. ಅವನು ಕನಿಕರದಿಂದ ಅವಳನ್ನು ನೋಡಿದ.

“ನಿಮಗ ಸಿಗೂದಿಲ್ಲ ಬಿಡ್ರಿ. ನಮ್ಮ ಸುಧಾ ತರತಾಳ. ಆಕಿ ಯಾಕೋ ಬಾಳ ದಿನಾ ಆತು, ಬಂದಿಲ್ಲ. ನೋಡ್ತಿರ್ರಿ, ಎರಡನೇ ಭಾಗ ಕೈಯಾಗ ಹಿಡಕೊಂಡು ಯಾವಾಕಿ ಬರತಾಳೋ ಆಕೀನ ನಮ್ಮ ಸುಧಾ.”

ಆ ಮಾತು ಅವಳನ್ನು ಹಿಡಿದುಕೊಂಡಿತು. ನೆನಪು ಮರಳುವುದಿಲ್ಲ, ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಹೇಳಿದ್ದರು. ಅವಳು ಇಟ್ಟುಕೊಂಡಳು. ಹಾವೇರಿಯ ಅಂಗಡಿಗಳನ್ನು ಹುಡುಕಿದಳು, ಕಾಲೇಜುಗಳ ಗ್ರಂಥಾಲಯ ಹುಡುಕಿದಳು, ನಿವೃತ್ತ ಮಾಸ್ತರರ ಮನೆ ಬಾಗಿಲು ಬಡಿದಳು, ರದ್ದಿ ಅಂಗಡಿಗಳಲ್ಲಿ ಧೂಳು ಕುಡಿದು ಕೂತಳು. ರಜೆಗಳೆಲ್ಲ ಇದಕ್ಕೇ ಮುಗಿದವು. ಅಪ್ಪ ಒಂದು ಸಲ, ಒಂದೇ ಒಂದು ಸಲ, ಸುಧಾ ಎನ್ನಬೇಕಾಗಿತ್ತು. ಆ ಪುಸ್ತಕ ಕೈಯಲ್ಲಿದ್ದರೆ ಅಂದೇ ಅನ್ನುತ್ತಾನೆ ಎಂದು ಅವಳು ಹುಚ್ಚಿಯ ಹಾಗೆ ನಂಬಿದ್ದಳು.

ಶಂಭುಲಿಂಗಪ್ಪ ಜ್ವರ ಬಂದು ಮಲಗಿದ. ನಿನ್ನೆ ಸಂಜೆ ಇಸಾಕಸಾಬ ಫೋನು ಮಾಡಿ, ಕದರಮಂಡಲಗಿಯಲ್ಲಿ ತೀರಿಹೋದ ವಕೀಲರೊಬ್ಬರ ಮನೆಯ ಅಟ್ಟದ ಮೇಲೆ ಎರಡನೆಯ ಭಾಗ ಇದೆಯಂತೆ, ನಾಳೆ ತರುತ್ತೇನೆ ಎಂದ. ಅವಳು ಅಪ್ಪನ ಕಿವಿಯ ಹತ್ತಿರ ಬಾಗಿ ಪುಸ್ತಕ ಸಿಕ್ಕಿದೆ ಎಂದಳು. ಮತ್ತೆ ಮತ್ತೆ ಹೇಳಿದಳು. ಅವನು ಕಣ್ಣು ತೆರೆದ.

“ನೀರು ಕೊಡ್ರಿ ಬಾಯಾರ” ಎಂದ.

ಅವಳು ಚಮಚದಿಂದ ನೀರು ಬಿಟ್ಟಳು. ಅವನು ಅವಳಿಗೆ ಆಡಿದ ಕೊನೆಯ ಮಾತು ಅದು.

*

ಮುಂದಿನ ಬಸ್ಸು ಬಂತು. ಎಲ್ಲರೂ ಇಳಿದ ಮೇಲೆ ಕೋಲು ಮೊದಲು ಇಳಿಯಿತು, ಅದರ ಹಿಂದೆ ಇಸಾಕಸಾಬ. ಟೊಪ್ಪಿಗೆಯ ಮೇಲೆ ಜೇಡರ ಬಲೆ, ಅಂಗಿಯ ತುಂಬ ಧೂಳು. ವಕೀಲರ ಮನೆಗೆ ಬೀಗ ಹಾಕಿತ್ತು, ಮನೆಯವರನ್ನು ಹೊಲದಿಂದ ಕರೆಸಿ, ಏಣಿ ತರಿಸಿ, ತಾನೇ ಅಟ್ಟ ಹತ್ತಬೇಕಾಯಿತು ಎಂದು ಏದುಸಿರು ಬಿಡುತ್ತ ಹೇಳಿದ. ಮಂಡಿ ನೋವಿನ ಮುದುಕ ಏಣಿ ಹತ್ತಿದ್ದ. ಟವೆಲ್ಲಿನಲ್ಲಿ ಸುತ್ತಿದ್ದ ಪುಸ್ತಕವನ್ನು ಅವಳ ಕೈಗಿಟ್ಟು, ಇನ್ನೂ ಕೂರಿಸಿದ್ದಾರೆಯೇ ಎಂದು ಕೇಳಿದ.

ಅವಳು ಬಿಚ್ಚಿ ನೋಡಿದಳು. ಎರಡನೆಯ ಭಾಗವೇ. ಅಷ್ಟರಲ್ಲಿ ಮೈಲೇಶನ ಫೋನು. ವಿಮಾನ ಎತ್ತಿಯಾಯಿತು, ಬರುವುದಿದ್ದರೆ ನೇರ ಹೊಲಕ್ಕೇ ಬಾ ಎಂದ. ಇಸಾಕಸಾಬ ಅವಳ ರಟ್ಟೆ ಹಿಡಿದು ಆಟೋದಲ್ಲಿ ಕೂರಿಸಿದ.

ಮನೆತನದವರನ್ನೆಲ್ಲ ಮಣ್ಣು ಮಾಡುವ ಹೊಲ ಕುಪ್ಪೇಲೂರಿನ ರಸ್ತೆಯಲ್ಲಿತ್ತು. ದಾರಿಯುದ್ದಕ್ಕೂ ಅವಳು ಪುಸ್ತಕವನ್ನು ಎದೆಗೆ ಅವಚಿಕೊಂಡಿದ್ದಳು. ಇಸಾಕಸಾಬ ಬಹಳ ಹೊತ್ತು ಹೊರಗೆ ನೋಡುತ್ತಿದ್ದವನು ಜೇಬಿನಿಂದ ಪೆನ್ನು ತೆಗೆದ.

“ನಿನ್ನ ಹೆಸರು ಬರಿ ಸುಧವ್ವ. ಯಾರು ತಂದ್ರು ಅನ್ನೂದು ಅವಗ ಗೊತ್ತಾಗಲಿ.”

ರಟ್ಟು ತೆಗೆದರೆ ಒಳಗೆ ಒಂದು ಖಾಲಿ ಹಾಳೆ ಇತ್ತು. ಆಟೋ ಕುಲುಕುತ್ತಿತ್ತು. ‘ಅಪ್ಪಗ, ಸುಧಾ ತಂದಾಳ’ ಎಂದು ಬರೆದಳು. ಅಕ್ಷರ ಸೊಟ್ಟಗಾದವು. ಆದರೂ ಅದನ್ನು ಬರೆದ ಮೇಲೆ ಅವಳಿಗೆ ಬೆಳಗಿನಿಂದ ಮೊದಲ ಸಲ ಉಸಿರು ಸರಾಗವಾಯಿತು.

ಹೊಲ ಮುಟ್ಟಿದಾಗ ಅಪ್ಪನನ್ನು ಆಗಲೇ ಕುಣಿಯೊಳಗೆ ಇಳಿಸಿದ್ದರು. ಕುಣಿಯ ಒಂದು ಗೋಡೆಯಲ್ಲಿ ಗೂಡು ಕೊರೆದು ಅದರಲ್ಲಿ ಕೂರಿಸಿದ್ದರು. ಎಡಗೈಯಲ್ಲಿ ಲಿಂಗ, ಸುತ್ತ ವಿಭೂತಿ, ಪತ್ರಿ. ಮೈಲೇಶ ಒಳಗೇ ನಿಂತಿದ್ದ. ಕರಬಸಪ್ಪ ಮೇಲೆ ನಿಂತು ಹೊಸ ಶಾಲಿನ ಅಂಚಿನಿಂದ ಒಂದು ಚೂರು ಹರಿದು ಮುತ್ತವ್ವನ ಕೈಗೆ ಕೊಟ್ಟು, ಉಳಿದದ್ದನ್ನು ಒಳಗೆ ಇಳಿಬಿಟ್ಟ. ಹೊದಿಸಿದ ಪಂಜೆಯ ಚೂರೂ ಅವಳ ಉಡಿಯಲ್ಲಿತ್ತು. ಸತ್ತವರ ಜೊತೆ ಯಾವುದನ್ನು ಇಟ್ಟರೂ ಇಡಿಯಾಗಿ ಇಡಬಾರದು, ಒಂದು ಚೂರು ಮನೆಗೆ ಉಳಿಯಬೇಕು, ಇಲ್ಲವಾದರೆ ಹೋದವರು ಇದ್ದವರನ್ನೂ ಎಳೆದುಕೊಳ್ಳುತ್ತಾರೆ ಎಂಬುದು ಅವರ ಮನೆತನದ ನಂಬಿಕೆ.

ಸುಧಾರಾಣಿ ಜನರನ್ನು ಸರಿಸಿಕೊಂಡು ಮುಂದೆ ಬಂದು ಪುಸ್ತಕ ಚಾಚಿದಳು. ಗುಸುಗುಸು ಎದ್ದಿತು. ಮಂತ್ರ ಹೇಳುತ್ತಿದ್ದ ಅಯ್ಯನವರು ಮುತ್ತವ್ವನ ಮುಖ ನೋಡಿದರು, ಪುಸ್ತಕ ನೋಡಿದರು. ಜೀವಕ್ಕೆ ಪ್ರೀತಿಯಾದದ್ದು, ಇಡಲಿ ಎಂದರು. ಮೈಲೇಶ ಕೈ ನೀಡಿದ. ಅವನ ಕಣ್ಣು ಕೆಂಪಾಗಿದ್ದವು, ಸಿಟ್ಟು ಉಳಿದಿರಲಿಲ್ಲ. ಕರಬಸಪ್ಪ ನಡುವೆ ಬಂದ.

“ಹಂಗ ಇಡಾಕ ಬರೂದಿಲ್ಲ ಸುಧಾ. ಒಂದು ಹಾಳಿ ಹರದು ಇಟಗೊ.”

ಅವಳಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ರಟ್ಟಿನ ಮೂಲೆ ಹರಿದರೆ ಸಾಲದೇ ಎಂದಳು. ರಟ್ಟು ಹೊರಗಿನ ಅಂಗಿ ಇದ್ದಂತೆ, ಹಾಳೆಯೇ ಆಗಬೇಕು ಎಂದ ಅವನು. ಯಾವುದಾದರೇನು, ಕೊನೆಯದನ್ನು ಹರಿದುಬಿಡು, ಹೊತ್ತು ಮುಳುಗುತ್ತಿದೆ ಎಂದು ಕೈ ಹಾಕಿದ. ಅವಳು ಪುಸ್ತಕ ಹಿಂದಕ್ಕೆ ಎಳೆದುಕೊಂಡಳು.

ಕೊನೆಯ ಹಾಳೆ ನೋಡಿದಳು. ಅದರಲ್ಲಿ ಕತೆ ಮುಗಿಯುತ್ತಿತ್ತು. ಮೊದಲ ಹಾಳೆ ನೋಡಿದಳು. ವಿಶ್ವಾಸಮತದ ಬೆಳಿಗ್ಗೆ ಅಲ್ಲಿಂದಲೇ ಶುರುವಾಗಿತ್ತು. ಮುಂದೇನು ಎಂದು ಅವನು ಕೇಳಿದ್ದಕ್ಕೆ ಉತ್ತರ ಇದ್ದದ್ದು ಅಲ್ಲಿಯೇ. ಅದಕ್ಕೂ ಹಿಂದಿನ ಹಾಳೆಯಲ್ಲಿ ‘ಎರಡನೆಯ ಭಾಗ’ ಎಂದು ಅಚ್ಚಾಗಿತ್ತು. ಅದಿಲ್ಲದಿದ್ದರೆ ಇದು ಆ ಪುಸ್ತಕ ಎಂದು ಅವನಿಗೆ ಗೊತ್ತಾಗುವುದಾದರೂ ಹೇಗೆ? ನಡುವಿನದೊಂದನ್ನು ಹರಿ, ಯಾರಿಗೆ ತಿಳಿಯುತ್ತದೆ ಎಂದು ಯಾರೋ ಅಂದರು.

“ನಡುವ ಹಾಳಿ ಇಲ್ಲಂದ್ರ ಅಪ್ಪ ಓದೂದಿಲ್ಲ” ಎಂದಳು.

ಅವಳು ಹಾಳೆಗಳನ್ನು ಹಿಂದಕ್ಕೂ ಮುಂದಕ್ಕೂ ತಿರುವುತ್ತಿದ್ದಳು. ಬೇರೆ ಇನ್ನೊಂದು ಖಾಲಿ ಹಾಳೆ ಇರಬಹುದು ಎಂದು ಹುಡುಕಿದಳು. ಇರಲಿಲ್ಲ. ಹರಿದರೆ ಓದುವವನಿಗೆ ಏನೂ ನಷ್ಟವಾಗದ ಹಾಳೆ ಆ ಪುಸ್ತಕದಲ್ಲಿ ಒಂದೇ ಇತ್ತು. ಅದು ಎಲ್ಲರಿಗಿಂತ ಮೊದಲು ಹೊಳೆದದ್ದು ಇಸಾಕಸಾಬನಿಗೆ.

“ಅದೊಂದು ಬ್ಯಾಡ ಸುಧವ್ವ” ಎಂದ. “ಅದನ್ನ ಬಿಟ್ಟು ಯಾವುದರೆ ಹರಿ.”

ಅವಳು ಕುಣಿಯೊಳಗೆ ನೋಡಿದಳು. ಅಪ್ಪ ಕಣ್ಣು ಮುಚ್ಚಿ, ಯಾರೋ ಏನನ್ನೋ ತಂದುಕೊಡುತ್ತಾರೆ ಎಂದು ಕಾಯುವವನ ಹಾಗೆ ಕೂತಿದ್ದ. ತಾನು ಬಂದಿದ್ದೇನೆ, ತಾನೇ ಸುಧಾ ಎಂದು ಕಿರುಚಬೇಕೆನ್ನಿಸಿತು ಅವಳಿಗೆ. ಹೊಲಿಗೆ ಬಿಡದಂತೆ ಪುಸ್ತಕದ ಬೆನ್ನನ್ನು ಒಂದು ಕೈಯಲ್ಲಿ ಒತ್ತಿ ಹಿಡಿದಳು. ತನ್ನ ಹೆಸರಿದ್ದ ಹಾಳೆಯನ್ನು ಮೇಲಿನಿಂದ ನಿಧಾನವಾಗಿ, ನೇರವಾಗಿ ಹರಿದಳು. ಉಳಿದ ಪುಸ್ತಕಕ್ಕೆ ಒಂದಿಷ್ಟೂ ಮುಕ್ಕಾಗಿಲ್ಲ ಎಂಬುದನ್ನು ನೋಡಿಕೊಂಡು ತಮ್ಮನ ಕೈಗೆ ಕೊಟ್ಟಳು. ಮೈಲೇಶ ಅದನ್ನು ಅಪ್ಪನ ತೊಡೆಯ ಮೇಲಿಟ್ಟು, ಜಾರದಂತೆ ಬಲಗೈಯನ್ನು ಅದರ ಮೇಲೆ ಹೊಂದಿಸಿ ಮೇಲೆ ಹತ್ತಿದ.

ಅಯ್ಯನವರು ಮಂತ್ರ ಮುಗಿಸಿದರು. ಮೈಲೇಶ ಮಣ್ಣು ಹಾಕಿದ, ಮುತ್ತವ್ವ ಹಾಕಿದಳು, ಇಸಾಕಸಾಬ ಕೋಲು ಬಿಟ್ಟು ಮಂಡಿಯೂರಿ ಹಾಕಿದ. ಕರಬಸಪ್ಪ ಸುಧಾರಾಣಿಯ ಕಡೆ ತಿರುಗಿ, ಎರಡೂ ಕೈ ತುಂಬ ಹಾಕವ್ವಾ ಎಂದ. ಅವಳು ಹಾಳೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದುಕೊಂಡು, ಬಾಗಿ, ಎರಡೂ ಕೈಯಿಂದ ಮಣ್ಣು ತುಂಬಿಕೊಂಡಳು.